ಕ್ಯಾಲ್ಸಿಯಂ ಕೊಟ್ಟರೂ ನಿಲ್ಲದ ಫಿಟ್ಸ್!

ಒಂದು ಒಗಟು ಹೇಳುತ್ತೇನೆ. ಬಿಡಿಸುತ್ತೀರಾ?

ಕೂಸಿಗೆ ವಾರಗಟ್ಟಲೆ ಭೇದಿ. ಮೈ ಸೊರಗಿದೆ. ಕೈಬೆರಳು ಸೆಟೆದುಕೊಂಡಿವೆ. ಇದ್ದಕ್ಕಿದ್ದಂತೆ ಫಿಟ್ಸ್! ರಕ್ತ ಪರೀಕ್ಷೆ ಮಾಡಿಸಿದರೆ ಕ್ಯಾಲ್ಸಿಯಂ ಕಡಿಮೆ. ಕಾರಣ ಸಿಕ್ಕಿತಲ್ಲ ಎಂದು ಕ್ಯಾಲ್ಸಿಯಂ ಕೊಡುತ್ತಾರೆ. ಮತ್ತೆ ಫಿಟ್ಸ್! ಇನ್ನಷ್ಟು ಕೊಡುತ್ತಾರೆ. ಊಹೂಂ, ಕ್ಯಾಲ್ಸಿಯಂ ಏರುವುದೇ ಇಲ್ಲ!

ಏನಿರಬಹುದು? ಓದುವುದನ್ನು ನಿಲ್ಲಿಸಿ, ಒಂದು ಕ್ಷಣ ಯೋಚಿಸಿ.

ಮೆಗ್ನೀಸಿಯಂ!

ಹೌದು, ಕಡಿಮೆ ಬಿದ್ದಿರುವುದು ಒಂದು, ಕೊಡಬೇಕಾದದ್ದು ಇನ್ನೊಂದು! ಇದನ್ನು ಮೊದಲ ಸಲ ತಿಳಿದಾಗ ನನಗೆ ನಂಬಲೇ ಆಗಲಿಲ್ಲ.

ನಮ್ಮ ಕುತ್ತಿಗೆಯಲ್ಲಿ, ಥೈರಾಯ್ಡ್ ಗ್ರಂಥಿಯ ಹಿಂಬದಿಗೆ, ಅಕ್ಕಿಕಾಳಿನಷ್ಟು ಪುಟ್ಟ ನಾಲ್ಕು ಗ್ರಂಥಿಗಳಿವೆ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದ ಕೂಡಲೇ ಅವು ಹಾರ್ಮೋನ್ ಬಿಡುತ್ತವೆ. ಮೂಳೆಯಿಂದ ಕ್ಯಾಲ್ಸಿಯಂ ಬಿಡುಗಡೆಯಾಗಿ ರಕ್ತಕ್ಕೆ ಬರುತ್ತದೆ. ಆದರೆ ಆ ಹಾರ್ಮೋನ್ ಹೊರಬರಬೇಕಾದರೆ ಮೆಗ್ನೀಸಿಯಂ ಬೇಕು. ಅದು ತೀರಾ ಕುಸಿಯಿತೋ, ಗ್ರಂಥಿ ಸುಮ್ಮನಾಗಿಬಿಡುತ್ತದೆ! ಅಷ್ಟಿಷ್ಟು ಹಾರ್ಮೋನ್ ಹೊರಬಂದರೂ ಮೂಳೆ ಅದರ ಮಾತು ಕೇಳುವುದಿಲ್ಲ!

ಈಗ ರಕ್ತನಾಳಕ್ಕೆ ಮೆಗ್ನೀಸಿಯಂ ಕೊಡಿ. ಆ ಗ್ರಂಥಿ ಮತ್ತೆ ಎಚ್ಚರಗೊಳ್ಳಲು ಎಷ್ಟು ಹೊತ್ತು ಬೇಕು? ಒಂದು ದಿನ? ಅರ್ಧ ದಿನ?

ಕೆಲವೇ ನಿಮಿಷ!

ಇನ್ನೊಂದು ಊಹೆ. ಈಗಷ್ಟೇ ಹುಟ್ಟಿದ ಕೂಸಿನ ಇಡೀ ಮೈಯಲ್ಲಿ, ಮೂಳೆ, ಸ್ನಾಯು, ರಕ್ತ ಎಲ್ಲ ಸೇರಿಸಿ, ಮೆಗ್ನೀಸಿಯಂ ಎಷ್ಟಿರಬಹುದು? ಒಂದು ಗ್ರಾಂ ಕೂಡ ಇಲ್ಲ! ಸುಮಾರು ಮುಕ್ಕಾಲು ಗ್ರಾಂ ಅಷ್ಟೇ. ಬೆಳೆದ ಮೇಲೂ ಸುಮಾರು 25 ಗ್ರಾಂ. ಇಷ್ಟು ಪುಡಿಯನ್ನು ನಂಬಿಕೊಂಡು 300ಕ್ಕೂ ಹೆಚ್ಚು ಕಿಣ್ವಗಳು ಕೆಲಸ ಮಾಡುತ್ತವೆ!

ಆ ಪುಡಿಯಲ್ಲಿ ರಕ್ತದಲ್ಲಿ ಓಡಾಡುವುದು ಎಷ್ಟು? ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ! ಅರ್ಧಕ್ಕಿಂತ ಹೆಚ್ಚು ಮೂಳೆಯಲ್ಲಿ, ಉಳಿದದ್ದರಲ್ಲಿ ಬಹುಪಾಲು ಸ್ನಾಯುಗಳಲ್ಲಿ ಅಡಗಿದೆ. ಹಾಗಾಗಿ ರಕ್ತದ ರಿಪೋರ್ಟ್ ‘ನಾರ್ಮಲ್’ ಎಂದರೂ ಒಳಗಿನ ದಾಸ್ತಾನು ಬರಿದಾಗಿರಬಹುದು. ಹೆತ್ತವರು ನೆನಪಿಡಲೇಬೇಕಾದ ಮಾತು ಇದು.

ಸರಿ, ಭೇದಿಗೂ ಇದಕ್ಕೂ ಏನು ನಂಟು? ಮೆಗ್ನೀಸಿಯಂ ಮೈಗೆ ಹತ್ತುವುದು ಮುಖ್ಯವಾಗಿ ಸಣ್ಣಕರುಳಿನಲ್ಲಿ. ಕರುಳು ಗಟ್ಟಿಯಾಗಿದ್ದಾಗಲೂ ಉಂಡದ್ದರಲ್ಲಿ ಮೂರನೇ ಒಂದು ಪಾಲಿನಷ್ಟೇ ಒಳಗೆ ಹೋಗುತ್ತದೆ. ಕರುಳು ಕೆಟ್ಟರೆ ಅದೂ ಇಲ್ಲ! ವಾಂತಿಯಲ್ಲಿ ಹೋಗುವ ಮೆಗ್ನೀಸಿಯಂ ಅತ್ಯಲ್ಪ. ಲೀಟರಿಗೆ ಲೀಟರ್ ಹೋಲಿಸಿದರೆ ಭೇದಿಯಲ್ಲಿ ಅದರ ಎಷ್ಟು ಪಟ್ಟು ಹೋಗಬಹುದು? ಎರಡು? ಐದು? ಹದಿನೈದು ಪಟ್ಟಿನವರೆಗೆ!

ಇನ್ನೂ ಬೆರಗಿನ ಸಂಗತಿ ಕೇಳಿ. ಕೊಬ್ಬು ಅರಗದ ಕಾಯಿಲೆಗಳಲ್ಲಿ ಕೊಬ್ಬಿನಾಮ್ಲವು ಮೆಗ್ನೀಸಿಯಂ ಜೊತೆ ಕೂಡಿಕೊಳ್ಳುತ್ತದೆ. ಕೂಡಿ ಏನಾಗುತ್ತದೆ? ಸೋಪು! ಹೋಲಿಕೆಗೆ ಹೇಳುತ್ತಿಲ್ಲ, ರಸಾಯನಶಾಸ್ತ್ರದ ಲೆಕ್ಕದಲ್ಲಿ ಅದು ಅಪ್ಪಟ ಸೋಪು! ಮಗುವಿನ ಕರುಳಿನಲ್ಲೇ ತಯಾರಾಗಿ ಮಲದಲ್ಲಿ ಹೊರಟುಹೋಗುತ್ತದೆ.

ಹೀಗೆ ಕಳೆದುಹೋಗುವ ಮೆಗ್ನೀಸಿಯಂ ಊಟದಲ್ಲಿ ಎಲ್ಲಿಂದ ಸಿಗಬೇಕು? ಈಗ ನನ್ನ ಜೊತೆ ಗಡಿ ದಾಟಿ ಬನ್ನಿ. ಮಡಕಶಿರಾಕ್ಕೆ. ಶಿರಾ, ಪಾವಗಡ, ಮಧುಗಿರಿಗಳ ನಡುವೆ ಚಾಚಿಕೊಂಡಿರುವ, ಮನೆಮನೆಯಲ್ಲಿ ಕನ್ನಡ ಕೇಳುವ ಆಂಧ್ರದ ನೆಲ. ಅನಂತಪುರ ಜಿಲ್ಲೆಯಲ್ಲಿತ್ತು, 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಹೇಮಾವತಿಯಲ್ಲಿ ನೊಳಂಬರ ಶಿಲ್ಪ ನೋಡಲು ಹೋದವರು ಸುತ್ತಲಿನ ಹೊಲ ನೋಡಿದ್ದೀರಾ? ಅತ್ತ ರಾಯದುರ್ಗ, 1953ರವರೆಗೆ ನಮ್ಮ ಬಳ್ಳಾರಿ ಜಿಲ್ಲೆಯ ತಾಲ್ಲೂಕು. ಎರಡೂ ಕಡೆ ಮಳೆ ಕಡಿಮೆ, ಬರ ಜಾಸ್ತಿ. ರಾಗಿ, ಹುರುಳಿ, ಶೇಂಗಾ ಬೆಳೆಯುವ ನೆಲ.

ಈ ಬಡಪಾಯಿ ನೆಲದಲ್ಲಿ ಮೆಗ್ನೀಸಿಯಂ ಇದೆಯೇ?

100 ಗ್ರಾಂ ಪಾಲಿಶ್ ಅಕ್ಕಿಯಲ್ಲಿ ಸುಮಾರು 19 ಮಿಲಿಗ್ರಾಂ. ರಾಗಿಯಲ್ಲಿ? ಸುಮಾರು 146! ಏಳು ಪಟ್ಟಿಗೂ ಮಿಗಿಲು! ಶೇಂಗಾ ಇನ್ನೂ ಒಂದು ಕೈ ಮೇಲೆ! ಬರದ ಸೀಮೆಯ ಬೆಳೆಗಳೇ ಮೆಗ್ನೀಸಿಯಂ ಕಣಜಗಳು!

ಆದರೆ ಒಂದು ತೊಡಕುಂಟು. ರಾಗಿಯಲ್ಲಿರುವ ಫೈಟೇಟ್ ಎಂಬ ವಸ್ತು ಮೆಗ್ನೀಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ, ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಬಿಡಿಸುವ ಉಪಾಯವೇನು? ನಮ್ಮ ಅಜ್ಜಿಯರ ಕೈಯಲ್ಲಿತ್ತು! ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ಒಣಗಿಸಿ, ಹುರಿದು, ಬೀಸಿ, ಕೂಸಿಗೆ ಸರಿ ಕಾಯಿಸುತ್ತಿದ್ದರಲ್ಲ? ಕಾಳು ಮೊಳೆಯುವಾಗ ಅದರೊಳಗಿನ ಕಿಣ್ವ ಎಚ್ಚೆತ್ತು ಫೈಟೇಟನ್ನು ಒಡೆಯುತ್ತದೆ! ಪ್ರಯೋಗಾಲಯದ ಹೆಸರೂ ಕೇಳದ ಹೆಂಗಸರು ಎಂಥ ರಸಾಯನಶಾಸ್ತ್ರ ಮಾಡುತ್ತಿದ್ದರು ನೋಡಿ!

ಇನ್ನು ಕೆಲವು ಕೂಸುಗಳಿಗೆ ಭೇದಿಯೇ ಬೇಕಿಲ್ಲ. ಹುಟ್ಟಿನಿಂದಲೇ ಕರುಳಿನಲ್ಲಿ ಮೆಗ್ನೀಸಿಯಂ ಒಳಬರುವ ಬಾಗಿಲು ಮುಚ್ಚಿರುತ್ತದೆ! 1968ರಲ್ಲಿ ಪೋನಿಯೆ ಎಂಬ ವೈದ್ಯರು ಮತ್ತು ಸಂಗಡಿಗರು ಅಂಥ ಒಂದು ಕೂಸಿನ ಕತೆ ಬರೆದರು. ಬಾಗಿಲು ಯಾವುದೆಂದು ತಿಳಿಯಲು 2002 ಬರಬೇಕಾಯಿತು. ಟಿಆರ್‌ಪಿಎಂ6 ಎಂಬ ಜೀನ್! ತಾಯಿ, ತಂದೆ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದರೆ ಮಾತ್ರ ಕಾಯಿಲೆ. ಸೋದರಮಾವನಿಗೆ, ಅತ್ತೆಮಗನಿಗೆ ಹೆಣ್ಣು ಕೊಡುವ ನಮ್ಮ ಸೀಮೆಯಲ್ಲಿ ಈ ಮಾತಿಗೆ ತೂಕ ಹೆಚ್ಚು. ಹುಟ್ಟಿದ ಕೆಲವೇ ತಿಂಗಳಲ್ಲಿ ಫಿಟ್ಸ್ ಶುರುವಾಗುತ್ತದೆ. ಗುರುತಿಸದೇ ಹೋದರೆ ಮಿದುಳಿಗೆ ಪೆಟ್ಟು, ಜೀವಕ್ಕೇ ಅಪಾಯ.

ಗುರುತಿಸಿದರೆ? ಬಾಯಿಂದಲೇ ಹೆಚ್ಚು ಮೆಗ್ನೀಸಿಯಂ ಕೊಡುತ್ತಾರೆ, ಬದುಕಿರುವವರೆಗೂ. ಬಾಗಿಲು ಮುಚ್ಚಿದ್ದರೂ ಕರುಳಿನ ಜೀವಕೋಶಗಳ ನಡುವಿನ ಸಂದಿಯಲ್ಲಿ ಅದು ನುಸುಳುತ್ತದೆ! ಮಗು ಬದುಕುತ್ತದೆ!

ಇಂಗ್ಲೆಂಡಿನ ಎಪ್ಸಮ್ ಎಂಬ ಊರಿನ ಕಹಿ ನೀರಿನಿಂದ ತೆಗೆದ ಉಪ್ಪು ಗೊತ್ತೇ? ಹೊಟ್ಟೆ ತೊಳೆಯಲು ಶತಮಾನಗಟ್ಟಲೆ ಜನ ಕುಡಿದದ್ದು ಅದನ್ನೇ. ಅದು ಮೆಗ್ನೀಸಿಯಂ ಸಲ್ಫೇಟ್. ಭೇದಿ ಮಾಡಿಸುವ ಉಪ್ಪು! ಭೇದಿಯಿಂದ ಸೊರಗಿದ ಕೂಸನ್ನು ಕಾಪಾಡುವುದು ಯಾವುದು? ಅದೇ ಉಪ್ಪು! ಬಾಯಿಗಲ್ಲ, ಸೂಜಿಯಲ್ಲಿ. ಆದ್ದರಿಂದಲೇ ಮನೆಯಲ್ಲಿ ಇದರ ಪ್ರಯೋಗ ಖಂಡಿತ ಬೇಡ. ಹೆಚ್ಚಾದರೆ ಉಸಿರಿಗೇ ಸಂಚಕಾರ. ಇದು ಆಸ್ಪತ್ರೆಯ ಕೆಲಸ.

ತೀವ್ರ ಅಪೌಷ್ಟಿಕತೆಯ ಮಕ್ಕಳಲ್ಲಿ ಮೆಗ್ನೀಸಿಯಂ ಕೊರತೆಯ ಬಗ್ಗೆ 1960ರಲ್ಲಿ ಜಮೈಕಾದಿಂದ ಮಾಂಟ್‌ಗೊಮರಿ ಎಂಬ ಸಂಶೋಧಕರು ಬರೆದರು. ನೈಜೀರಿಯಾದಲ್ಲಿ ಜೋನ್ ಕ್ಯಾಡೆಲ್ ಎಂಬ ವೈದ್ಯೆ ಮೆಗ್ನೀಸಿಯಂ ಕೊಟ್ಟು ಮಕ್ಕಳು ಚೇತರಿಸುವುದನ್ನು ಕಂಡರು. ಇಂದು ನಮ್ಮ ಪೌಷ್ಟಿಕ ಪುನಶ್ಚೇತನ ಕೇಂದ್ರಗಳಿಗೆ ಕೇಂದ್ರ ಆರೋಗ್ಯ ಸಚಿವಾಲಯ 2011ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲೇ ಅದು ಸೇರಿದೆ. ದಾಖಲಾದ ಮೊದಲ ದಿನ ಒಂದೇ ಒಂದು ಇಂಜೆಕ್ಷನ್. ಎಷ್ಟು? ಕೆಜಿಗೆ 0.3 ಮಿಲಿಲೀಟರ್. 6 ಕೆಜಿ ಮಗುವಿಗೆ 1.8. ಎಷ್ಟೇ ತೂಕವಿದ್ದರೂ 2 ಮಿಲಿಲೀಟರ್ ದಾಟುವಂತಿಲ್ಲ!

ಮರುದಿನದಿಂದ ಬಾಯಿಗೆ. ಅದೇ 6 ಕೆಜಿ ಮಗುವಿಗೆ ಲೆಕ್ಕ ಹಾಕಿದೆ: ದಿನಕ್ಕೆ ಹೆಚ್ಚುಕಡಿಮೆ 60ರಿಂದ 90 ಮಿಲಿಗ್ರಾಂ. ಕಾಯಿಲೆಯ ಆ ದಿನಗಳಲ್ಲಿ ಅದು ಔಷಧಿಯಾಗಿಯೇ ಹೋಗಬೇಕು, ರಾಗಿ ಅದಕ್ಕೆ ಬದಲಿಯಲ್ಲ. ಆದರೆ ಚೇತರಿಸಿಕೊಂಡು ಮಡಕಶಿರಾದ ಮನೆಗೆ ಮರಳಿದ ಮಗುವಿಗೆ? 50 ಗ್ರಾಂ ರಾಗಿಯಲ್ಲಿ ಎಷ್ಟಿದೆ ಗೊತ್ತೇ?

73 ಮಿಲಿಗ್ರಾಂ!