ದೀಪ ಹಸಿರು, ದಾರಿ ಬಂದ್

ಮಳೆ ಹಿಡಿಯುವ ಮೊದಲಿನ ಏಪ್ರಿಲ್–ಮೇ ತಿಂಗಳಲ್ಲಿ, ಮತ್ತೆ ಮಳೆ ಬಿಡುವ ಅಕ್ಟೋಬರಿನಲ್ಲಿ, ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಸಂಜೆಯಾದರೆ ಸಿಡಿಲಿನ ಭಯ. ಮೋಡ ಕಪ್ಪಾದರೆ ಮನೆಗಳಲ್ಲಿ ಟಿ.ವಿ., ಮೋಡೆಮ್‌ಗಳ ಪ್ಲಗ್ ಕೀಳುತ್ತಾರೆ. ಸಿ.ಎ. ಬ್ಯಾಂಕು (ಊರಿನ ಕೃಷಿ ಸಹಕಾರಿ ಸಂಘ), ಕಾಲೇಜು, ಆಸ್ಪತ್ರೆಗಳ ಗೋಡೆಯ ಪೆಟ್ಟಿಗೆಯೊಳಗೆ ಹಗಲೂ ರಾತ್ರಿಯೂ ದುಡಿಯುವ ನೆಟ್‌ವರ್ಕ್ ಸ್ವಿಚ್‌ಗೆ ಆ ಬಿಡುವಿಲ್ಲ. ಸಿಡಿಲಿಗೆ ಅದು ಸತ್ತರೆ ಹೊಸದನ್ನು ಕೂರಿಸುತ್ತಾರೆ. ದೀಪಗಳೆಲ್ಲ ಹಸಿರಾಗಿ ಮಿನುಗುತ್ತವೆ. ಆದರೂ ಯಾವುದೋ ಒಂದು ವಿಭಾಗ ಮಾತ್ರ ಸಂಪರ್ಕಕ್ಕೆ ಬರುವುದಿಲ್ಲ.

ಒಂದು ಸಿ.ಎ. ಬ್ಯಾಂಕನ್ನು ಎಣಿಸಿಕೊಳ್ಳಿ. ಮುಖ್ಯ ಕಚೇರಿಯಲ್ಲಿ ರೂಟರ್, ಒಂದು ಸ್ವಿಚ್, ಕ್ಯಾಮೆರಾ ದೃಶ್ಯಗಳನ್ನು ಉಳಿಸಿಡುವ ರೆಕಾರ್ಡರ್. ಪಕ್ಕದ ರೇಷನ್ ಅಂಗಡಿಯಲ್ಲಿ ಎರಡನೆಯ ಸ್ವಿಚ್, ಅದಕ್ಕೆ ಬಿಲ್ಲಿನ ಕಂಪ್ಯೂಟರ್. ಅದರಾಚೆ ಗೊಬ್ಬರದ ಗೋದಾಮಿನಲ್ಲಿ ಮೂರನೆಯದು, ಅದಕ್ಕೆ ಒಂದು ಲೆಕ್ಕದ ಕಂಪ್ಯೂಟರ್, ನಾಲ್ಕು ಕ್ಯಾಮೆರಾ. ಲೆಕ್ಕದ ಕಂಪ್ಯೂಟರುಗಳು ಮತ್ತು ಕ್ಯಾಮೆರಾಗಳು ಒಂದನ್ನೊಂದು ನೇರವಾಗಿ ಮುಟ್ಟಬಾರದು. ಎರಡಕ್ಕೂ ಬೇರೆ ಬೇರೆ ತಂತಿ ಎಳೆಯುವ ಬದಲು ಒಂದೇ ತಂತಿಯೊಳಗೆ ಎರಡು ಜಾಲಗಳನ್ನು ಪ್ರತ್ಯೇಕವಾಗಿ ಓಡಿಸುವ ಉಪಾಯವೇ ವಿಲ್ಯಾನ್. ಲೆಕ್ಕಕ್ಕೆ ವಿಲ್ಯಾನ್ 10, ಕ್ಯಾಮೆರಾಕ್ಕೆ 20. ಹಲವು ವಿಲ್ಯಾನ್‌ಗಳನ್ನು ಹೊರುವ ಆ ತಂತಿಗೆ ಟ್ರಂಕ್ ಎಂದು ಹೆಸರು.

ಈ ಕಲ್ಪನೆ 1980ರ ದಶಕದ್ದು. ಅಮೆರಿಕದ ಬೆಲ್‌ಕೋರ್ ಸಂಸ್ಥೆಯಲ್ಲಿದ್ದ ಡಬ್ಲ್ಯು. ಡೇವಿಡ್ ಸಿನ್ಕೋಸ್ಕಿ ಇದಕ್ಕೆ ರೂಪ ಕೊಟ್ಟವರು. 1998ರಲ್ಲಿ ಐಇಇಇ ಸಂಸ್ಥೆ 802.1ಕ್ಯೂ ಎಂಬ ಮಾನದಂಡ ಹೊರಡಿಸಿದ ಮೇಲೆ ಬೇರೆ ಬೇರೆ ಕಂಪನಿಗಳ ಸ್ವಿಚ್‌ಗಳು ಒಂದೇ ರೀತಿಯ ಗುರುತು ಬಳಸುವಂತಾಯಿತು. ಟ್ರಂಕಿನಲ್ಲಿ ಸಾಗುವ ಈಥರ್ನೆಟ್ ದತ್ತಾಂಶದ ಕಟ್ಟಿಗೆ, ಅಂದರೆ ಫ್ರೇಮ್‌ಗೆ, ಕಳುಹಿಸಿದವರ ವಿಳಾಸದ ಬೆನ್ನಿಗೇ 4 ಬೈಟ್‌ಗಳ ಟ್ಯಾಗ್ ಸೇರುತ್ತದೆ. ಅದರಲ್ಲಿ ವಿಲ್ಯಾನ್ ಸಂಖ್ಯೆಗೆಂದು ಇಟ್ಟಿರುವುದು 12 ಬಿಟ್. 12 ಬಿಟ್‌ಗಳಲ್ಲಿ 4096 ಸಂಖ್ಯೆಗಳು ಹಿಡಿಯುತ್ತವೆ. ಮೊದಲನೆಯದು ಮತ್ತು ಕೊನೆಯದು ಮೀಸಲಾದ್ದರಿಂದ ಬಳಕೆಗೆ ಸಿಗುವುದು 4094. ಫ್ರೇಮಿನ ಗರಿಷ್ಠ ಉದ್ದ 1518 ಬೈಟ್ ಇದ್ದದ್ದು 1522 ಆಯಿತು. ಟ್ಯಾಗ್ ತಿಳಿಯದ ಹಳೆಯ ಸಾಧನವೊಂದು ನಡುವೆ ಸಿಕ್ಕಿಕೊಂಡರೆ ಸಣ್ಣ ಪಿಂಗ್ ಸಲೀಸಾಗಿ ಹೋಗಿ ದೊಡ್ಡ ಫೈಲ್ ಮಾತ್ರ ಅರ್ಧಕ್ಕೆ ನಿಲ್ಲುವುದು ಈ ನಾಲ್ಕು ಬೈಟ್‌ಗಳ ದೆಸೆಯಿಂದಲೇ.

ಹಸಿರು ದೀಪ ತಿಳಿಸುವುದು ತಂತಿಯ ಆರೋಗ್ಯವನ್ನಷ್ಟೇ. ಈ ತುದಿ ಹಾಕಿದ ಟ್ಯಾಗನ್ನು ಆ ತುದಿ ಒಪ್ಪುತ್ತದೆಯೇ ಎಂಬುದು ದೀಪಕ್ಕೆ ಗೊತ್ತಾಗುವುದಿಲ್ಲ. ಟ್ರಂಕ್ ಎಂದರೆ ಎರಡು ತುದಿಗಳ ನಡುವಿನ ಒಪ್ಪಂದ. ಆದ್ದರಿಂದ ಒಂದೇ ತುದಿಯ ಪರದೆ ನೋಡಿ ‘ಇಲ್ಲಿ ಎಲ್ಲ ಸರಿ ಇದೆ’ ಎನ್ನುವುದಕ್ಕೆ ಅರ್ಥವಿಲ್ಲ. ಕೇಳುವ ಪ್ರಶ್ನೆ ಯಾವುದೇ ಇರಲಿ, ಎರಡೂ ತುದಿಗಳಿಗೆ ಕೇಳಬೇಕು.

ಈಗ ರೇಷನ್ ಅಂಗಡಿಯ ಸ್ವಿಚ್ ಸಿಡಿಲಿಗೆ ಹೋಯಿತು ಎನ್ನಿ. ಹೊಸದಕ್ಕೆ ಹಳೆಯ ಕಾನ್ಫಿಗರೇಶನ್ ಫೈಲನ್ನೇ ಹಾಕಿದ್ದಾರೆ. ಲೆಕ್ಕದ ಕಂಪ್ಯೂಟರುಗಳೆಲ್ಲ ಸಲೀಸು. ಗೋದಾಮಿನ ಕ್ಯಾಮೆರಾಗಳು ಮಾತ್ರ ಇಲ್ಲ. ಈ ಲಕ್ಷಣವೇ ಅರ್ಧ ಉತ್ತರ. ಅದೇ ತಂತಿಯಲ್ಲಿ 10 ಓಡಾಡುತ್ತಿದೆಯೆಂದರೆ ತಂತಿಯೂ ಸರಿ, ಟ್ರಂಕೂ ಎದ್ದಿದೆ. ಇನ್ನು ತಂತಿ ಕಿತ್ತು ಮತ್ತೆ ಚುಚ್ಚುತ್ತ ಕೂರುವುದು ವ್ಯರ್ಥ. ಗೋದಾಮಿನಲ್ಲಿ 20ಕ್ಕೆ ಸೇರಿದ ಪೋರ್ಟ್‌ಗೆ ಲ್ಯಾಪ್‌ಟಾಪ್ ಚುಚ್ಚಿದರೆ ಅದಕ್ಕೆ 169.254ರಿಂದ ಶುರುವಾಗುವ ವಿಳಾಸ ಬರುತ್ತದೆ. ವಿಳಾಸ ಹಂಚುವ ರೂಟರಿನಿಂದ ಉತ್ತರ ಬಾರದೆ ಲ್ಯಾಪ್‌ಟಾಪ್ ತಾನೇ ಕಟ್ಟಿಕೊಂಡ ವಿಳಾಸ ಅದು.

ಸಿಸ್ಕೊ ಸ್ವಿಚ್ ಆದರೆ ‘ಶೋ ಇಂಟರ್‌ಫೇಸಸ್ ಟ್ರಂಕ್’ ಎಂಬ ಆದೇಶ ಇಲ್ಲಿ ಕಣ್ಣು ತೆರೆಸುತ್ತದೆ. ಮೊದಲು ಟ್ರಂಕ್ ಎದ್ದಿದೆಯೇ ಎಂದು ತೋರಿಸಿ, ಬಳಿಕ ಮೂರು ಪಟ್ಟಿಗಳನ್ನು ಕೊಡುತ್ತದೆ: ಈ ದಾರಿಯಲ್ಲಿ ಅನುಮತಿ ಇರುವ ವಿಲ್ಯಾನ್‌ಗಳು, ಅವುಗಳಲ್ಲಿ ಈ ಸ್ವಿಚ್‌ನಲ್ಲಿ ನಿಜವಾಗಿ ಇರುವಂಥವು, ಅವುಗಳಲ್ಲೂ ಸದ್ಯ ಸಾಗುತ್ತಿರುವಂಥವು. ಮೊದಲ ಪಟ್ಟಿಯಲ್ಲಿ 20 ಇದ್ದು ಎರಡನೆಯದರಲ್ಲಿ ಇಲ್ಲದಿದ್ದರೆ ಕಳ್ಳ ಸಿಕ್ಕಿದ. ಅನುಮತಿ ಇದೆ, ವಿಲ್ಯಾನೇ ಹುಟ್ಟಿಲ್ಲ. ಈ ಸ್ವಿಚ್‌ಗಳು ವಿಟಿಪಿಯ, ಅಂದರೆ ವಿಲ್ಯಾನ್ ಪಟ್ಟಿಯನ್ನು ಸ್ವಿಚ್‌ಗಳ ನಡುವೆ ಹಂಚುವ ಸಿಸ್ಕೊ ವ್ಯವಸ್ಥೆಯ, ಸರ್ವರ್ ವಿಧಾನದಲ್ಲಿರುವಾಗ ವಿಲ್ಯಾನ್‌ಗಳ ಪಟ್ಟಿಯನ್ನು ಕಾನ್ಫಿಗರೇಶನ್ ಫೈಲಿನಲ್ಲಿ ಬರೆಯದೆ ಬೇರೆಯೇ ಫೈಲಿನಲ್ಲಿ ಇಡುತ್ತವೆ. ಆ ಫೈಲು ಹಳೆಯ ಸ್ವಿಚ್‌ನೊಂದಿಗೇ ಹೋಯಿತು. ಬಿಲ್ಲಿನ ಕಂಪ್ಯೂಟರಿನ ಪೋರ್ಟನ್ನು 10ಕ್ಕೆ ಸೇರಿಸುವ ಸಾಲು ಓದಿದಾಗ ಹೊಸ ಸ್ವಿಚ್ 10ನ್ನು ತಾನೇ ಸೃಷ್ಟಿಸಿಕೊಂಡಿತು. 20ಕ್ಕೆ ಅಲ್ಲಿ ಪೋರ್ಟೇ ಇಲ್ಲ, ಸೃಷ್ಟಿಯಾಗಲಿಲ್ಲ. ತನ್ನ ಬಳಿ ಒಂದೂ ಕ್ಯಾಮೆರಾ ಇಲ್ಲದಿದ್ದರೂ, ದಾಟಿಸಿಬಿಡುವುದಕ್ಕಾದರೂ ನಡುವಿನ ಸ್ವಿಚ್ ಆ ಸಂಖ್ಯೆಯನ್ನು ಬಲ್ಲದಾಗಿರಬೇಕು. ಬೆಂಜನಪದವು, ಮಿಜಾರು, ಉಜಿರೆಗಳ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ನೆಟ್‌ವರ್ಕ್ ಕಲಿಯುವವರು ಎರಡು ಸ್ವಿಚ್‌ಗಳ ಅಭ್ಯಾಸಕ್ಕೆ ನಿಲ್ಲದೆ ಮೂರನೆಯದನ್ನು ನಡುವೆ ಇಟ್ಟು ನೋಡಬೇಕು ಎನ್ನುವುದು ಇದಕ್ಕೇ.

ಇನ್ನೊಂದು ಅಪಾಯ ‘ಆ್ಯಡ್’ ಎಂಬ ಪುಟ್ಟ ಪದದ್ದು. ಅನುಮತಿಯ ಪಟ್ಟಿಗೆ 30ನ್ನು ಸೇರಿಸುವಾಗ ಆ ಪದ ಬಿಟ್ಟುಹೋದರೆ ಹಳೆಯ ಪಟ್ಟಿ ಅಳಿದು 30 ಒಂದೇ ಉಳಿಯುತ್ತದೆ. ಮಂಗಳೂರಿನಲ್ಲಿ ಕೂತು ಬೆಳ್ತಂಗಡಿಯ ಸ್ವಿಚ್ ತಿದ್ದುತ್ತಿದ್ದವರ ಸಂಪರ್ಕವೂ ಅದರೊಂದಿಗೇ ಕಡಿದರೆ, ಕನ್ಸೋಲ್ ಕೇಬಲ್ ಹಿಡಿದು ಗಾಡಿ ಹತ್ತಬೇಕು. ದೂರದಿಂದ ತಿದ್ದುವ ಮೊದಲು ‘ರಿಲೋಡ್ ಇನ್ 10’ ಎಂದು ಕೊಡುವುದು ಜಾಣತನ. ಸಂಪರ್ಕ ಕಡಿದರೂ 10 ನಿಮಿಷಕ್ಕೆ ಸ್ವಿಚ್ ಮರುಚಾಲನೆಯಾಗಿ, ಉಳಿಸದ ತಿದ್ದುಪಡಿ ಅಳಿದು ಹಳೆಯ ಸ್ಥಿತಿ ಮರಳುತ್ತದೆ. ಕೆಲಸ ಸರಿಹೋದರೆ ಆ ಆದೇಶವನ್ನು ರದ್ದು ಮಾಡಲು ಮರೆಯಬಾರದು.

ನೇಟಿವ್ ವಿಲ್ಯಾನ್‌ನ ತೊಡಕು ಇವೆಲ್ಲಕ್ಕಿಂತ ಸೂಕ್ಷ್ಮ. ಟ್ರಂಕಿನಲ್ಲಿ ಒಂದು ವಿಲ್ಯಾನ್‌ಗೆ ಟ್ಯಾಗ್ ಇಲ್ಲದೆ ಓಡಾಡಲು ಬಿಡುತ್ತಾರೆ. ಬಿ.ಸಿ.ರೋಡಿನಲ್ಲಿ ಬಸ್ಸಿಗೆ ಹಾಕಿದ ಪಾರ್ಸೆಲ್ ಮೇಲೆ ಗುರುವಾಯನಕೆರೆ, ಉಜಿರೆ ಎಂದು ಬರೆದಿದ್ದರೆ ಕಂಡಕ್ಟರಿಗೆ ಗೊಂದಲವಿಲ್ಲ. ಹೆಸರಿಲ್ಲದ ಪಾರ್ಸೆಲ್ ಯಾರದೆಂದು ಹತ್ತಿಸಿದವರೂ ಇಳಿಸಿಕೊಳ್ಳುವವರೂ ಮೊದಲೇ ಮಾತಾಡಿಕೊಂಡಿರಬೇಕು. ಒಂದು ತುದಿ ಟ್ಯಾಗಿಲ್ಲದ್ದನ್ನು 1 ಎಂದೂ ಇನ್ನೊಂದು 99 ಎಂದೂ ತಿಳಿದರೆ, ದೂರವಿರಬೇಕಾದ ಎರಡು ಜಾಲಗಳು ಸದ್ದಿಲ್ಲದೆ ಬೆರೆಯುತ್ತವೆ. ಎರಡೂ ಕಡೆ ಸಿಸ್ಕೊ ಇದ್ದರೆ ಎಚ್ಚರಿಕೆಯ ಸಂದೇಶವಾದರೂ ಬರುತ್ತದೆ. ಬೇರೆ ಬೇರೆ ಕಂಪನಿಗಳವಾದರೆ ಅದನ್ನೂ ನಂಬಿ ಕೂರುವಂತಿಲ್ಲ.

ರೂಟರ್ ಕಡೆಯ ತಪ್ಪುಗಳು ಕಡಿಮೆ. ಒಂದೇ ಪೋರ್ಟನ್ನು ಉಪಪೋರ್ಟ್‌ಗಳಾಗಿ ಒಡೆದು, ವಿಲ್ಯಾನ್‌ಗೊಂದರಂತೆ ಹಂಚುತ್ತಾರೆ. ಉಪಪೋರ್ಟಿಗೆ .20 ಎಂದು ಹೆಸರಿಟ್ಟ ಮಾತ್ರಕ್ಕೆ ಅದು ವಿಲ್ಯಾನ್ 20ರದ್ದಾಗುವುದಿಲ್ಲ. ಅದರೊಳಗಿನ ಡಾಟ್‌1ಕ್ಯೂ ಸಾಲಿನಲ್ಲಿರುವ ಸಂಖ್ಯೆಯೇ ನಿರ್ಣಾಯಕ. ಟ್ರಂಕ್ ಆಗೋಣವೇ ಎಂದು ಸಿಸ್ಕೊ ಸ್ವಿಚ್‌ಗಳು ತಮ್ಮೊಳಗೆ ಮಾತುಕತೆ ನಡೆಸುತ್ತವೆ. ರೂಟರ್ ಅದಕ್ಕೆ ಬರುವುದಿಲ್ಲ. ಹಾಗಾಗಿ ರೂಟರಿನ ಎದುರಿನ ಪೋರ್ಟನ್ನು ಟ್ರಂಕ್ ಎಂದು ಕೈಯಾರೆ ನಿಗದಿ ಮಾಡಬೇಕು.

ಇಷ್ಟಾದರೂ ದೋಷ ಸಿಗದಿದ್ದರೆ ಒಂದೇ ಒಂದು ಕ್ಯಾಮೆರಾದ ಮ್ಯಾಕ್ ವಿಳಾಸ, ಅಂದರೆ ಆ ಸಾಧನದ್ದೇ ಆದ ಗುರುತು ಸಂಖ್ಯೆ, ಬರೆದುಕೊಂಡು, ಗೋದಾಮಿನಿಂದ ರೂಟರಿನವರೆಗೆ ಪ್ರತಿ ಸ್ವಿಚ್‌ನ ಮ್ಯಾಕ್ ಪಟ್ಟಿಯಲ್ಲಿ ಅದನ್ನು ಹುಡುಕುತ್ತ ಹೋಗಿ. ಯಾವ ಎರಡು ಸ್ವಿಚ್‌ಗಳ ನಡುವೆ ಅದು ಮಾಯವಾಗುತ್ತದೋ ದೋಷ ಅಲ್ಲೇ ಇದೆ. ತಿದ್ದಿದ ಮೇಲೆ ಕಾನ್ಫಿಗರೇಶನ್ ಉಳಿಸಿ, ವಿಲ್ಯಾನ್‌ಗಳ ಸಂಖ್ಯೆ ಮತ್ತು ಹೆಸರನ್ನು ಕಾಗದದಲ್ಲಿ ಬರೆದು ಪೆಟ್ಟಿಗೆಯ ಬಾಗಿಲಿನ ಒಳಮೈಗೆ ಅಂಟಿಸಿ. ಉಳಿಸದೆ ಬಿಟ್ಟರೆ ಮುಂದಿನ ಗಾಳಿಮಳೆಗೆ ಕರೆಂಟ್ ಹೋಗಿ ಬಂದಾಗ ತಿದ್ದಿದ್ದೆಲ್ಲ ಅಳಿದಿರುತ್ತದೆ. ಕಟ್ಟಡದಿಂದ ಕಟ್ಟಡಕ್ಕೆ ಇನ್ನೂ ತಾಮ್ರದ ತಂತಿಯೇ ಇದ್ದರೆ, ಅದರ ಜಾಗಕ್ಕೆ ಗಾಜಿನ ಫೈಬರ್ ಎಳೆಸಿ. ಗಾಜಿನ ಎಳೆಯಲ್ಲಿ ಸಿಡಿಲಿನ ವಿದ್ಯುತ್ ಹರಿಯುವುದಿಲ್ಲ.