ಡೆವಲಪರ್ ಮತ್ತು ಕಪ್ಪು-ಬಿಳುಪು ಚಿತ್ರದ ಸ್ಫುಟತೆ

ಡೆವಲಪರ್ ಎಂಬುದು ಬೆಳಕಿಗೆ ಒಡ್ಡಿದ ಫಿಲ್ಮಿನಲ್ಲಿರುವ ಸುಪ್ತಬಿಂಬವನ್ನು ಕಣ್ಣಿಗೆ ಕಾಣುವ ಬೆಳ್ಳಿಯ ಬಿಂಬವನ್ನಾಗಿ ಮಾರ್ಪಡಿಸುವ ರಾಸಾಯನಿಕ ದ್ರಾವಣ. ಕಪ್ಪು-ಬಿಳುಪು ಚಿತ್ರದ ಸ್ಫುಟತೆ ಹಾಗೂ ಕಣಗಳ ಗೋಚರತೆ ಇದರ ಆಯ್ಕೆಯನ್ನು ಭಾಗಶಃ ಅವಲಂಬಿಸಿವೆ. ಒಮ್ಮೆ ಸಂಸ್ಕರಿಸಿದ ಫಿಲ್ಮನ್ನು ಬೇರೊಂದು ಡೆವಲಪರಿನಲ್ಲಿ ಮೊದಲಿನಿಂದ ಸಂಸ್ಕರಿಸಲು ಬಾರದ ಕಾರಣ ಆಯ್ಕೆಯನ್ನು ಮುಂಚಿತವಾಗಿಯೇ ಮಾಡಬೇಕಾಗುತ್ತದೆ.

== ಸ್ಫುಟತೆಯ ಸ್ವರೂಪ ==
ಸೂಕ್ಷ್ಮ ಗೆರೆಗಳನ್ನು ಬಿಡಿಬಿಡಿಯಾಗಿ ತೋರಿಸುವ ಸಾಮರ್ಥ್ಯವು ಮುಖ್ಯವಾಗಿ ಮಸೂರ, ಫೋಕಸ್ ಮತ್ತು ಫಿಲ್ಮಿಗೆ ಸಂಬಂಧಿಸಿದ್ದು. ಕಪ್ಪು ಮತ್ತು ಬಿಳುಪು ಸಂಧಿಸುವ ಅಂಚು ಎಷ್ಟು ಖಚಿತವಾಗಿ ಕಾಣುತ್ತದೆ ಎಂಬುದರ ಮೇಲೆ ಡೆವಲಪರಿನ ಪ್ರಭಾವ ಹೆಚ್ಚು. ಹೆಚ್ಚು ಬೆಳಕು ಬಿದ್ದ ಭಾಗದಲ್ಲಿ ಡೆವಲಪರ್ ಬೇಗ ದುರ್ಬಲವಾಗುತ್ತದೆ. ಪಕ್ಕದ ಭಾಗದಿಂದ ಹರಿದುಬರುವ ತಾಜಾ ದ್ರಾವಣವು ಅಂಚನ್ನು ಇನ್ನಷ್ಟು ಗಾಢಗೊಳಿಸುತ್ತದೆ. ತೆಳುಗೊಳಿಸಿದ ದ್ರಾವಣವನ್ನು ಬಳಸಿ, ಕಡಿಮೆ ಅಲುಗಾಡಿಸಿದಾಗ ಈ ಪರಿಣಾಮ ಹೆಚ್ಚುತ್ತದೆ. ಆದರೆ ತೀರಾ ಕಡಿಮೆ ಅಲುಗಾಡಿಸಿದರೆ ಚಿತ್ರದಲ್ಲಿ ಪಟ್ಟೆಗಳು ಮೂಡಬಹುದು. ಫೋಕಸ್ ತಪ್ಪಿದ ಚಿತ್ರವನ್ನು ಯಾವ ಡೆವಲಪರೂ ಸರಿಪಡಿಸಲಾರದು.

== ಪ್ರಮುಖ ಬಗೆಗಳು ==
* '''ಡಿ-೭೬''': ಕೊಡಾಕ್ ಸಂಸ್ಥೆಯ ೧೯೨೭ರ ಸೂತ್ರ. ಒಂದು ಲೀಟರಿನಲ್ಲಿ ೨ ಗ್ರಾಂ ಮೆಟಾಲ್, ೫ ಗ್ರಾಂ ಹೈಡ್ರೋಕ್ವಿನೋನ್, ೧೦೦ ಗ್ರಾಂ ಸೋಡಿಯಂ ಸಲ್ಫೈಟ್, ೨ ಗ್ರಾಂ ಬೋರಾಕ್ಸ್ ಇರುತ್ತವೆ. ಅಧಿಕ ಸಲ್ಫೈಟ್ ಹರಳುಗಳನ್ನು ಅಲ್ಪಸ್ವಲ್ಪ ಕರಗಿಸಿ ಕಣಗಳನ್ನು ಮೃದುವಾಗಿಸುತ್ತದೆ. ಸಮಪ್ರಮಾಣದ ನೀರು ಬೆರೆಸಿದರೆ ಈ ಗುಣ ತಗ್ಗಿ ಅಂಚುಗಳು ಖಚಿತವಾಗುತ್ತವೆ.
* '''ರೋಡಿನಾಲ್''': ೧೮೯೧ರಲ್ಲಿ ಅಗ್ಫಾ ಸಂಸ್ಥೆ ಮಾರುಕಟ್ಟೆಗೆ ತಂದದ್ದು. ಒಂದು ಭಾಗಕ್ಕೆ ೨೫ ಅಥವಾ ೫೦ ಭಾಗ ನೀರು ಬೆರೆಸಿ ಬಳಸುವುದು ರೂಢಿ. ಅಂಚುಗಳು ಸ್ಪಷ್ಟವಾಗಿರುತ್ತವೆ, ಕಣಗಳೂ ಎದ್ದು ಕಾಣುತ್ತವೆ. ಆದ್ದರಿಂದ ಕಡಿಮೆ ವೇಗದ ಫಿಲ್ಮಿಗೆ ಹೆಚ್ಚು ಸೂಕ್ತ.

== ಶಾಸನಗಳ ಛಾಯಾಗ್ರಹಣ ==
ಅಂಚಿನ ಸ್ಫುಟತೆ ಮುಖ್ಯವಾಗುವ ವಿಷಯಗಳಲ್ಲಿ ಶಿಲಾಶಾಸನವೂ ಒಂದು. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರದಲ್ಲಿ ಅಶೋಕನ ಕಿರು ಶಿಲಾಶಾಸನಗಳಿವೆ. ಇವುಗಳನ್ನು ೧೮೯೨ರಲ್ಲಿ ಬಿ. ಎಲ್. ರೈಸ್ ಬೆಳಕಿಗೆ ತಂದರು. ಜಟಿಂಗ ರಾಮೇಶ್ವರದ ಶಾಸನ ಬಹಳಷ್ಟು ಸವೆದಿದೆ. ಇಂತಹ ಬರಹದಲ್ಲಿ ಅಕ್ಷರದ ಗೆರೆಗೂ ಬಂಡೆಯ ಒರಟು ಮೈಗೂ ಇರುವ ವ್ಯತ್ಯಾಸ ಅತ್ಯಲ್ಪ. ಕಣಗಳು ದಪ್ಪವಾದರೆ ಅವು ಬಂಡೆಯ ಮೈಯೊಡನೆ ಬೆರೆತು ಓದುಗನನ್ನು ತಪ್ಪುದಾರಿಗೆಳೆಯಬಹುದು. ಹೀಗಾಗಿ ಓರೆಯಾಗಿ ಬೀಳುವ ಬೆಳಕು, ಟ್ರೈಪಾಡ್ ಹಾಗೂ ಕಡಿಮೆ ವೇಗದ ಫಿಲ್ಮನ್ನು ಬಳಸಿ, ನೀರು ಬೆರೆಸಿದ ಡಿ-೭೬ರಲ್ಲಿ ಸಂಸ್ಕರಿಸುವುದು ಸಮತೋಲಿತ ವಿಧಾನ.

== ಉಷ್ಣಾಂಶ ಮತ್ತು ನೀರು ==
ಸಂಸ್ಕರಣದ ಅವಧಿಯನ್ನು ಸಾಮಾನ್ಯವಾಗಿ ೨೦ ಡಿಗ್ರಿ ಸೆಲ್ಸಿಯಸ್‌ಗೆ ಸೂಚಿಸಲಾಗಿರುತ್ತದೆ. ಚಳ್ಳಕೆರೆ, ಮೊಳಕಾಲ್ಮೂರಿನಂತಹ ಬಯಲುಸೀಮೆಯ ಊರುಗಳಲ್ಲಿ ಬೇಸಿಗೆಯ ನೀರು ಇದಕ್ಕಿಂತ ಬಿಸಿಯಾಗಿರುತ್ತದೆ. ಆಗ ಅವಧಿಯನ್ನು ಕಡಿತಗೊಳಿಸಬೇಕು. ಆದರೆ ೫ ನಿಮಿಷಕ್ಕಿಂತ ಕಡಿಮೆಯಾದರೆ ಚಿತ್ರ ಅಸಮವಾಗುವ ಸಂಭವವಿದೆ. ಡೆವಲಪರಿನ ಪಾತ್ರೆಯನ್ನು ಮಂಜುಗಡ್ಡೆ ಹಾಕಿದ ತೊಟ್ಟಿಯಲ್ಲಿಟ್ಟು ತಂಪಾಗಿಸುವುದು ಸರಳ ಉಪಾಯ. ತೊಳೆಯುವ ನೀರಿನ ಉಷ್ಣಾಂಶವೂ ಡೆವಲಪರಿನದಕ್ಕೆ ಸಮೀಪವಿರಬೇಕು. ಹಠಾತ್ ವ್ಯತ್ಯಾಸದಿಂದ ಜೆಲಟಿನ್ ಪದರ ಸುಕ್ಕುಗಟ್ಟಿ ಸೂಕ್ಷ್ಮ ವಿವರ ನಾಶವಾಗಬಹುದು. ಗಡಸು ನೀರು ಒಣಗಿದಾಗ ಕಲೆ ಉಳಿಸುವುದರಿಂದ, ದ್ರಾವಣದ ತಯಾರಿಗೂ ಕೊನೆಯ ತೊಳೆಯುವಿಕೆಗೂ ಭಟ್ಟಿ ಇಳಿಸಿದ ನೀರು ಉತ್ತಮ.