ಗೊಂಬೆಯ ತಲೆಯೊಳಗೊಂದು ದೀಪ

ನವರಾತ್ರಿ ಬಂತೆಂದರೆ ನಮ್ಮ ಮನೆಗಳ ಅಟ್ಟದಿಂದ ಗೊಂಬೆಯ ಪೆಟ್ಟಿಗೆಗಳು ಕೆಳಗಿಳಿಯುತ್ತವೆ. ಪಟ್ಟದ ಗೊಂಬೆಗಳು, ಚನ್ನಪಟ್ಟಣದ ಅರಗಿನ ಗೊಂಬೆಗಳು, ಮಣ್ಣಿನ ಶೆಟ್ಟಿ-ಶೆಟ್ಟಿತಿಯರು, ಇವರ ನಡುವೆ ಕೆಲವು ಹಳೆಯ ಮನೆಗಳಲ್ಲಿ ಗಾಜಿನ ಕಣ್ಣಿನ, ಗುಲಾಬಿ ಕೆನ್ನೆಯ ಯೂರೋಪಿನ ಗೊಂಬೆಯೊಂದೂ ಕುಳಿತಿರುವುದುಂಟು. ಎರಡು ವರ್ಷಗಳ ಹಿಂದೆ ನಮ್ಮ ವಿದ್ಯಾರ್ಥಿನಿಯೊಬ್ಬಳು ಅಂಥದೊಂದನ್ನು ಪ್ರಯೋಗಶಾಲೆಗೆ ತಂದಳು. ಅಜ್ಜಿಯ ತಾಯಿಯ ಕಾಲದಿಂದ ಮನೆಯಲ್ಲಿದ್ದ ಗೊಂಬೆ ಅದು. ಲಕ್ಷಗಟ್ಟಲೆ ಬೆಲೆ ಬಂದೀತೆಂದು ಯಾರೋ ಪರಿಚಿತರು ಹೇಳಿದ್ದರಿಂದ, ತಮ್ಮನ ಕಾಲೇಜು ಶುಲ್ಕಕ್ಕೆ ಅದನ್ನು ಮಾರುವ ಆಲೋಚನೆ ನಡೆದಿತ್ತು. ನಾವು ಕಿಟಕಿಯ ಬೆಳಕಿನಲ್ಲಿ ತಿರುಗಿಸಿ ನೋಡಿ, "ಒಂದು ಗೀರೂ ಇಲ್ಲವಮ್ಮ, ಚೆನ್ನಾಗಿದೆ" ಎಂದುಬಿಟ್ಟೆವು. ಆ ಮಾತನ್ನು ಅಷ್ಟು ಬೇಗ ಆಡಬಾರದಾಗಿತ್ತು.

ಈ ಬಗೆಯ ಗೊಂಬೆಗಳ ತವರು ಪ್ಯಾರಿಸ್ ನಗರ ಮತ್ತು ಜರ್ಮನಿಯ ತುರಿಂಗಿಯಾ ಪ್ರಾಂತ. ಪ್ಯಾರಿಸ್ಸಿನ ಜುಮೋ ಸಂಸ್ಥೆಗೆ 1878ರ ಮಹಾ ಪ್ರದರ್ಶನದಲ್ಲಿ ಚಿನ್ನದ ಪದಕ ದೊರೆಯಿತು. ಆ ಹೆಮ್ಮೆಯನ್ನು ಅವರು ಗೊಂಬೆಗಳ ಮೈಮೇಲೆಯೇ ಮುದ್ರೆಯೊತ್ತಿದರು. ಆದರೆ ಸೋನೆಬರ್ಗ್ ಸುತ್ತಲಿನ ಜರ್ಮನ್ ಕಾರ್ಖಾನೆಗಳು ಅಗ್ಗದ ಬೆಲೆಯಿಂದ ಮಾರುಕಟ್ಟೆಯನ್ನು ಆಕ್ರಮಿಸಿದವು. ಆ ಸ್ಪರ್ಧೆಯನ್ನು ತಾಳಲಾರದೆ 1899ರಲ್ಲಿ ಫ್ರೆಂಚ್ ತಯಾರಕರು ಒಂದೇ ಕೂಟವಾಗಿ ಸೇರಬೇಕಾಯಿತು.

ತಲೆಯನ್ನು ಮಾಡುತ್ತಿದ್ದುದು ಬಿಸ್ಕ್ ಎಂಬ, ಮೆರುಗು ಕೊಡದ ಪಿಂಗಾಣಿಯಿಂದ. ಅಚ್ಚಿನಲ್ಲಿ ರೂಪಗೊಂಡ ತಲೆಯನ್ನು ಮೊದಲು ಸಾವಿರ ಡಿಗ್ರಿ ಸೆಂಟಿಗ್ರೇಡಿಗೂ ಮೀರಿದ ಉಷ್ಣದಲ್ಲಿ ಸುಡುವರು. ಅನಂತರ ತುಟಿ, ಹುಬ್ಬು, ಕೆನ್ನೆಗಳ ಬಣ್ಣ ಬರೆದು, ಕಡಮೆ ಉಷ್ಣದಲ್ಲಿ ಮತ್ತೊಮ್ಮೆ ಸುಡುವರು. ಬಣ್ಣ ಹೀಗೆ ಪಿಂಗಾಣಿಯಲ್ಲೇ ಬೆರೆತುಹೋಗುವುದರಿಂದ ನೂರು ವರ್ಷಗಳಾದರೂ ಮಾಸುವುದಿಲ್ಲ. ಕೆನ್ನೆಯ ಕೆಂಪು ಕೈಗೆ ಅಂಟಿದರೆ ಅದು ಸುಟ್ಟ ಬಣ್ಣವಲ್ಲವೆಂದೇ ತಿಳಿಯಬೇಕು.

ಈ ತಲೆಯೇ ಗೊಂಬೆಯ ಬೆಲೆಯ ಬಹುಭಾಗ. ಕೈಕಾಲು ಸಡಿಲವಾದರೆ ಒಳಗಿನ ರಬ್ಬರು ದಾರವನ್ನು ಬದಲಾಯಿಸಬಹುದು, ಉಡುಪು ಹರಿದಿದ್ದರೆ ಹೊಲಿಯಬಹುದು. ತಲೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಬೆಲೆ ಅರ್ಧಕ್ಕೋ ಅದಕ್ಕಿಂತ ಕೆಳಕ್ಕೋ ಇಳಿಯುತ್ತದೆ. ಆದಕಾರಣ ಅನುಭವಿಗಳಾದ ಸಂಗ್ರಾಹಕರು ಗೊಂಬೆಯ ಕೃತಕ ಕೂದಲನ್ನೂ ಅದರಡಿಯ ಮುಚ್ಚಳವನ್ನೂ ಮೆಲ್ಲನೆ ಬಿಡಿಸಿ, ತಲೆಯೊಳಗೆ ಒಂದು ಪುಟ್ಟ ದೀಪವನ್ನಿಟ್ಟು, ಕೋಣೆಯನ್ನು ಕತ್ತಲು ಮಾಡುತ್ತಾರೆ. ತೆಳುವಾದ ಪಿಂಗಾಣಿಯ ಮೂಲಕ ಬೆಳಕು ಹರಡಿ ಮುಖವೆಲ್ಲ ಹೊಳೆಯುತ್ತದೆ. ಬಿರುಕಿದ್ದರೆ ಅದು ಕಪ್ಪು ಗೆರೆಯಾಗಿ ಕಾಣುತ್ತದೆ. ಬಿರುಕೆಂದರೆ ಪಿಂಗಾಣಿಯ ನಡುವೆ ಸಿಕ್ಕಿದ ಗಾಳಿಯ ತೆಳು ಪದರವಷ್ಟೆ. ಅದನ್ನು ಓರೆಯಾಗಿ ಮುಟ್ಟಿದ ಬೆಳಕಿನ ಬಹುಪಾಲು ದಾಟಲಾರದೆ ಪೂರ್ಣ ಆಂತರಿಕ ಪ್ರತಿಫಲನದಿಂದ ಹಿಂತಿರುಗುತ್ತದೆ. ನಾವು ತರಗತಿಯಲ್ಲಿ ಗಾಜಿನ ಅಶ್ರಗದಿಂದ ತೋರಿಸುವ ವಿದ್ಯಮಾನವೇ ಇದು. ಹಗಲಿನಲ್ಲಿ ಹೊರಗಿನಿಂದ ನೋಡುವ ಕಣ್ಣಿಗೆ ಇದು ದಕ್ಕುವುದಿಲ್ಲ.

ಬಿರುಕಿನ ಮೇಲೆ ಬಣ್ಣ ಹಚ್ಚಿ ಮರೆಮಾಡಿದ್ದರೆ ನೇರಳಾತೀತ ದೀಪ ನೆರವಿಗೆ ಬರುತ್ತದೆ. ನೋಟು ಪರೀಕ್ಷಿಸಲು ಅಂಗಡಿಗಳಲ್ಲಿ ಇಡುವ ದೀಪವೂ ಸಾಕು. ಆ ಕಿರಣಗಳು ಬಿದ್ದಾಗ ಅಂಟು ಮತ್ತು ಹೊಸ ಬಣ್ಣಗಳು ಬಿಸ್ಕಿಗಿಂತ ಬೇರೆ ಬಗೆಯಾಗಿ ಬೆಳಗುತ್ತವೆ. ಇದೇ ಪ್ರತಿದೀಪ್ತಿ. ಉಡುಪಿನ ಬಿಳಿಯ ದಾರ ನೀಲಿಯಾಗಿ ಪ್ರಜ್ವಲಿಸಿದರೆ ಅದು ಈಚಿನ ದಾರವೆಂದು ಸಂಶಯಪಡಬಹುದು. ಆದರೆ ಇಂದಿನ ಸೋಪುಪುಡಿಯಿಂದ ಒಗೆದ ಹಳೆಯ ಬಟ್ಟೆಯೂ ಹಾಗೆಯೇ ಹೊಳೆಯುತ್ತದೆಯಾದ್ದರಿಂದ ಇದೊಂದನ್ನೇ ನಂಬಿ ತೀರ್ಪು ಕೊಡಲಾಗದು.

ನಕಲನ್ನು ಹಿಡಿಯುವ ಬಗೆ ಇನ್ನೂ ಸ್ವಾರಸ್ಯಕರ. ಪಿಂಗಾಣಿ ಸುಟ್ಟಾಗ ಕುಗ್ಗುತ್ತದೆ. ಹಳೆಯ ತಲೆಯೊಂದರಿಂದಲೇ ಅಚ್ಚು ತೆಗೆದು ಹೊಸ ತಲೆ ಮಾಡಿದರೆ, ಸುಟ್ಟ ಮೇಲೆ ಅದು ಮೂಲಕ್ಕಿಂತ ಚಿಕ್ಕದಾಗಲೇಬೇಕು. ನೂರಕ್ಕೆ ಹದಿನೈದರಷ್ಟು ಕುಗ್ಗುವ ಮಣ್ಣಾದರೆ 10 ಸೆಂಟಿಮೀಟರಿನ ಮುಖ 8.5 ಸೆಂಟಿಮೀಟರಿಗೆ ಇಳಿಯುತ್ತದೆ. ಕತ್ತಿನ ಹಿಂದೆ ಕೊರೆದ ಸಂಖ್ಯೆಗಳೂ ಮಸುಕಾಗುತ್ತವೆ. ಮೋಸಗಾರನಿಗೆ ಅಳತೆಪಟ್ಟಿಯಷ್ಟು ಭಯಂಕರ ವೈರಿ ಬೇರೊಂದಿಲ್ಲ!

ಆ ಸಂಖ್ಯೆಗಳನ್ನು ಓದಲು ಕಲಿಯಬೇಕು. ಅವು ಅಚ್ಚಿನ ಸಂಖ್ಯೆಗಳು, ವರ್ಷಗಳಲ್ಲ. ಹೊರಗಿನ ಸರಕಿನ ಮೇಲೆ ದೇಶದ ಹೆಸರಿರಬೇಕೆಂಬ ಅಮೆರಿಕದ ಕಾನೂನು 1891ರಲ್ಲಿ ಜಾರಿಗೆ ಬಂದಿತು. ಆದ್ದರಿಂದ ತಲೆಯ ಮೇಲೆ 'ಜರ್ಮನಿ' ಎಂದಿದ್ದರೆ ಅದು ಸಾಮಾನ್ಯವಾಗಿ ಅನಂತರದ್ದು. ಹೆಸರಿಲ್ಲದ ಮಾತ್ರಕ್ಕೆ ಹಿಂದಿನದೆನ್ನುವಂತಿಲ್ಲ. ಎಲ್ಲ ಗೊಂಬೆಗಳೂ ಅಮೆರಿಕಕ್ಕೆ ಹೋದವುಗಳಲ್ಲ.

ಹಳೆಯದೆಲ್ಲ ಬೆಲೆಯುಳ್ಳದ್ದೆಂಬ ಭ್ರಮೆಯೂ ಬೇಡ. ಅರ್ಮಾಂಡ್ ಮಾರ್ಸೆಯ್ ಕಾರ್ಖಾನೆಯ 390ನೆಯ ಅಚ್ಚಿನ ತಲೆಗಳು ಲೆಕ್ಕವಿಲ್ಲದಷ್ಟು ತಯಾರಾದವು. ಇಂದಿಗೂ ಅವು ಸುಲಭವಾಗಿ, ಅಗ್ಗವಾಗಿ ಸಿಗುತ್ತವೆ. ಅತ್ತ ಕೇಮರ್ ಮತ್ತು ರೈನ್‌ಹಾರ್ಟ್ ಸಂಸ್ಥೆ ಸುಮಾರು 1909ರಲ್ಲಿ ಪ್ರಯೋಗಾರ್ಥವಾಗಿ ತಯಾರಿಸಿದ ಗೊಂಬೆಯೊಂದು 2014ರಲ್ಲಿ ಲಂಡನ್ನಿನ ಹರಾಜಿನಲ್ಲಿ 2,42,500 ಪೌಂಡುಗಳಿಗೆ ಹೋಯಿತು. ಎರಡೂ ಒಂದೇ ಕಾಲದವು, ಒಂದೇ ಪ್ರಾಂತದವು.

ನಮ್ಮ ವಿದ್ಯಾರ್ಥಿನಿಯ ಗೊಂಬೆಗೆ ಮಲಗಿಸಿದರೆ ರೆಪ್ಪೆ ಮುಚ್ಚುವ ಕಣ್ಣುಗಳಿದ್ದವು. ಕಣ್ಣುಗಳ ಹಿಂದೆ ಸೀಸದ ತುಂಡೊಂದು ಲೋಲಕದಂತೆ ತೂಗುತ್ತಿದ್ದು, ಗೊಂಬೆ ಹೇಗೆ ಹೊರಳಿದರೂ ಅದು ಕೆಳಗೇ ಉಳಿಯಲೆಳಸುತ್ತದೆ. ಅದಕ್ಕೆ ಬಂಧಿತವಾದ ಕಣ್ಣುಗಳು ತಿರುಗಿ ಮುಚ್ಚುತ್ತವೆ. ಇದನ್ನು ಆಕೆಗೆ ವಿವರಿಸಲೆಂದು ನಾವು ಕೂದಲನ್ನು ಬಿಡಿಸಿದಾಗ ಕತ್ತಿನ ಮೇಲೆ 390 ಎಂಬ ಸಂಖ್ಯೆ ಕಂಡಿತು. ಮನಸ್ಸಿಗೆ ಕಸಿವಿಸಿಯಾಯಿತು. ಬಾಗಿಲು ಮುಚ್ಚಿ ಒಳಗೆ ದೀಪವಿಟ್ಟೆವು. ಎಡಗಿವಿಯಿಂದ ಕತ್ತಿನವರೆಗೆ ಕಪ್ಪು ಗೆರೆ! ನೇರಳಾತೀತ ಬೆಳಕಿನಲ್ಲಿ ಅದರುದ್ದಕ್ಕೂ ಬಣ್ಣದ ಪಟ್ಟಿಯೊಂದು ಬೇರೆಯಾಗಿ ಎದ್ದು ಕಂಡಿತು. ನಮ್ಮ ಮೊದಲಿನ ಮಾತನ್ನು ಹಿಂತೆಗೆದುಕೊಂಡು, ಇದರಿಂದ ಒಂದು ವರ್ಷದ ಶುಲ್ಕವೂ ಹುಟ್ಟಲಾರದೆಂದು ಹೇಳಬೇಕಾಯಿತು. ಆಕೆ ಏನೂ ಆಡದೆ ಗೊಂಬೆಯನ್ನು ಪಂಚೆಯ ತುಂಡಿನಲ್ಲಿ ಸುತ್ತಿಕೊಂಡಳು.

ಮರುದಿನ ಬಂದು ಹೇಳಿದಳು: ಬಿರುಕಿನ ಸಂಗತಿ ಅಜ್ಜಿಗೆ ಮೊದಲಿನಿಂದ ಗೊತ್ತಿತ್ತಂತೆ. ಅವರಿಗೆ ಏಳು ವರ್ಷವಿದ್ದಾಗ ಗೊಂಬೆ ಕೈಜಾರಿ ಬಿದ್ದು, ತಂದೆ ಅದನ್ನು ಅಂಟಿಸಿ ಬಣ್ಣ ಹಚ್ಚಿಸಿದ್ದರಂತೆ. ಮೊದಲೇ ಏಕೆ ಹೇಳಲಿಲ್ಲವೆಂದರೆ, "ನನ್ನನ್ನು ಯಾರು ಕೇಳಿದಿರಿ?" ಎಂದರಂತೆ.